ಪುಸ್ತಕ ನೋಡಿ ಕಾರು ಬಿಚ್ಚಿದಾಗ



ಭಾನುವಾರ ಬೆಳಗ್ಗೆ ಮನೆಯ ಮುಂದೆ ಹಳೆಯ ಗೋಣಿಚೀಲ ಹಾಸಿ, ಪಕ್ಕದಲ್ಲಿ ರಿಪೇರಿ ಕೈಪಿಡಿಯನ್ನು ತೆರೆದಿಟ್ಟುಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದು ಕಾರಿನ ಕೆಲಸಕ್ಕೆ ಕೂರುವವರು ನಮ್ಮಲ್ಲಿ ಅನೇಕರಿದ್ದಾರೆ. ಊಟದ ಹೊತ್ತಿಗೆ ಅವರಲ್ಲಿ ಬಹಳ ಜನರ ಉತ್ಸಾಹ ಇಳಿದಿರುತ್ತದೆ. ಒಂದು ಬೋಲ್ಟು ಜಗ್ಗಿರುವುದಿಲ್ಲ, ಇಲ್ಲವೇ ಬಿಚ್ಚಿದ್ದು ಮತ್ತೆ ಕೂಡಿರುವುದಿಲ್ಲ. "ಗ್ಯಾರೇಜಿಗೆ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತಲ್ಲ" ಎಂದು ಮನೆಯವರು ಹೇಳುತ್ತಾರೆ. ಆ ಮಾತಿಗೆ ಅವರ ಬಳಿ ಉತ್ತರವಿರುವುದಿಲ್ಲ. ತನಗೆ ಕೈಲಾಗದು ಎಂದುಕೊಂಡು ಪುಸ್ತಕ ಮುಚ್ಚುತ್ತಾರೆ. ಇಂದಿನ ನನ್ನ ಮಾತು ಅಂಥವರ ಪರವಾಗಿ. ಇಂಥ ಪುಸ್ತಕಗಳನ್ನು ಬಹಳ ವರ್ಷಗಳಿಂದ ಓದುತ್ತ, ಅವು ಹೇಳಿದಂತೆ ಕೆಲಸ ಮಾಡುತ್ತ ಬಂದವನು ನಾನು. ಕೆಲಸ ಕೆಟ್ಟಾಗ ದೋಷದ ದೊಡ್ಡ ಪಾಲು ಓದುಗನದಲ್ಲ, ಪುಸ್ತಕದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯಲ್ಲೇ ಯಾಕೆ ಮಾಡಬೇಕು ಎಂದು ಕೇಳಬಹುದು. ದುಡ್ಡು ಉಳಿಯುತ್ತದೆ ಎಂಬುದು ಒಂದು ಕಾರಣ, ಅದೇನೂ ಸಣ್ಣದಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವವನಿಗೆ, ತಾನು ತುಳಿಯುವ ಪೆಡಲಿನ ಆಚೆಗೆ ಏನಿದೆ, ಅದು ಯಾವ ಸ್ಥಿತಿಯಲ್ಲಿದೆ ಎಂದು ತಿಳಿದಿರಬೇಕು. ಆ ಆಸೆ ಗೌರವಕ್ಕೆ ಅರ್ಹವಾದದ್ದು.

ಈಗ ಪುಸ್ತಕದ ಕಡೆ ತಿರುಗೋಣ. ಅದರ ಚಿತ್ರಗಳಲ್ಲಿರುವ ಕಾರು ಯಾವುದು, ನೋಡಿ. ಹೊಸ ಕಾರು. ಬೋಲ್ಟುಗಳು ಹೊಳೆಯುತ್ತಿವೆ. ಗಾಡಿ ತಲೆಗಿಂತ ಎತ್ತರಕ್ಕೆ ಎತ್ತಿದ ಲಿಫ್ಟಿನ ಮೇಲಿದೆ, ಕೆಳಗೆ ನಿಂತು ಕೆಲಸ ಮಾಡಬಹುದು. ನಮ್ಮ ಎದುರಿಗಿರುವುದೋ, ಹದಿನೈದು ಮಳೆಗಾಲ ಕಂಡ ಗಾಡಿ. ಮಲೆನಾಡಿನ ಕೆಸರು ಅದರ ಹೊಟ್ಟೆಗೆ ಮೆತ್ತಿದೆ. ಉಡುಪಿ, ಕಾರವಾರದ ಕಡೆಯದಾದರೆ ಉಪ್ಪುಗಾಳಿ ತಿಂದಿದೆ. "ಬೋಲ್ಟನ್ನು ಬಿಚ್ಚಿ ತೆಗೆಯಿರಿ" ಎಂಬ ಒಂದೇ ವಾಕ್ಯ ಪುಸ್ತಕದಲ್ಲಿ ಅರ್ಧ ಸಾಲು. ನಮ್ಮ ಅಂಗಳದಲ್ಲಿ ಅದು ಅರ್ಧ ದಿನ.

ಕಬ್ಬಿಣ ತುಕ್ಕು ಹಿಡಿದಾಗ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಕೂದಲೆಳೆಯಷ್ಟು ಇದ್ದ ಸಂದಿಯನ್ನು ಅದು ತುಂಬಿಕೊಂಡು ಎರಡನ್ನೂ ಒಂದಾಗಿಸಿಬಿಡುತ್ತದೆ. ಆಗ ಜೋರಾಗಿ ತಿರುಗಿಸಿದರೆ ಎರಡರಲ್ಲೊಂದು ಆಗುತ್ತದೆ: ತಲೆಯ ಮೂಲೆಗಳು ಸವೆದು ದುಂಡಗಾಗುತ್ತವೆ, ಇಲ್ಲವೇ ಬೋಲ್ಟು ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ತುಂಡಾದರೆ ಡ್ರಿಲ್ ಹಾಕಿ ಅದನ್ನು ಕೊರೆದು, ಹೊಸದಾಗಿ ಟ್ಯಾಪ್ ಹೊಡೆಸಬೇಕು. ಅದು ಲೇತ್ ಅಂಗಡಿಯ ಕೆಲಸ. ಆದರೆ ಕಾರು ಎತ್ತಿಟ್ಟಲ್ಲೇ ನಿಂತಿದೆ, ಲೇತ್ ಅಂಗಡಿಗೆ ಭಾನುವಾರ ರಜ.

ಇದನ್ನು ತಪ್ಪಿಸುವ ವಿದ್ಯೆ ಇದೆ, ಪ್ರತಿ ಗ್ಯಾರೇಜಿನ ಹುಡುಗನಿಗೂ ಅದು ಗೊತ್ತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಸ್ಪ್ಯಾನರ್ ಹಾಕುವ ಮೊದಲು ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕು ಏಟು ನೇರವಾಗಿ ಕೊಡಬೇಕು. ಆ ಅದುರಿಗೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆ ಒಳಗಿಳಿಯುತ್ತದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಬಿಟ್ಟು ಆರು ಮೂಲೆಯ ಸಾಕೆಟ್ ಹಾಕಬೇಕು, ಅದು ಬೋಲ್ಟಿನ ಚಪ್ಪಟೆ ಬದಿಗಳನ್ನು ಹಿಡಿಯುತ್ತದೆ. ಮೊದಲು ಒಂದಿಷ್ಟು ಬಿಗಿ ಮಾಡುವ ದಿಕ್ಕಿಗೇ ಅಲುಗಿಸಿ, ಆಮೇಲೆ ಸಡಿಲ ಮಾಡಬೇಕು. ಅರ್ಧ ಸುತ್ತು ಬಂದರೆ ಕಾಲು ಸುತ್ತು ಹಿಂದಕ್ಕೆ, ಮತ್ತೆ ಎಣ್ಣೆ, ಮತ್ತೆ ಅರ್ಧ ಸುತ್ತು. ಎಲ್ಲಕ್ಕಿಂತ ಮುಖ್ಯ, ಕೈಗೆ ಬರುವ ಸುಳಿವು. ಬಿಡುವ ಬೋಲ್ಟು "ಟಕ್" ಎಂದು ಒಮ್ಮೆಗೇ ಕೊಡುತ್ತದೆ. ಮುರಿಯಲಿರುವ ಬೋಲ್ಟು ಸದ್ದಿಲ್ಲದೆ, ಮೆತ್ತಗೆ, ಜಿಗುಟಾಗಿ ತಿರುಗತೊಡಗುತ್ತದೆ. ಆ ಮೆತ್ತನೆ ಗೊತ್ತಾದ ಕ್ಷಣ ನಿಲ್ಲಿಸಬೇಕು.

ಇದರಲ್ಲಿ ಒಂದಾದರೂ ವಾಕ್ಯ ಬೋಲ್ಟಿನ ಪಕ್ಕದಲ್ಲೇ, ಅದೇ ಪುಟದಲ್ಲಿ ಏಕಿಲ್ಲ? ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಎಂದು ಕೈಪಿಡಿ ಕೋಷ್ಟಕ ಕೊಡುತ್ತದೆ. ನ್ಯೂಟನ್ ಮೀಟರಿನಲ್ಲಿ ಕೊಡುತ್ತದೆ, ಹಳೆಯದಾದರೆ ಕಿಲೋಗ್ರಾಂ ಮೀಟರಿನಲ್ಲಿ, ಇಂಗ್ಲೆಂಡಿನದಾದರೆ ಅಡಿ ಪೌಂಡಿನಲ್ಲಿ. ಒಂದು ಕಿಲೋಗ್ರಾಂ ಮೀಟರ್ ಎಂದರೆ ಸುಮಾರು 9.8 ನ್ಯೂಟನ್ ಮೀಟರ್ ಎಂದು ಲೆಕ್ಕ ಹಾಕಿಕೊಂಡೇವು. ಆದರೆ ಆ ಬಲ ಅಳೆಯುವ ಟಾರ್ಕ್ ರೆಂಚ್ ಎಷ್ಟು ಮನೆಗಳಲ್ಲಿದೆ? ಆ ಅಂಕಿ ಒಣಗಿದ ಮರೆಗೆ, ಅಂದರೆ ಬೋಲ್ಟಿನ ಥ್ರೆಡ್ಡಿಗೆ, ಹೇಳಿದ್ದೋ ಎಣ್ಣೆ ಹಚ್ಚಿದ ಮರೆಗೆ ಹೇಳಿದ್ದೋ ಎಂಬುದನ್ನೂ ಅನೇಕ ಪುಸ್ತಕಗಳು ತಿಳಿಸುವುದಿಲ್ಲ. ಎಣ್ಣೆ ಹಚ್ಚಿದ್ದರೆ ಉಜ್ಜಾಟ ಕಡಿಮೆಯಾಗಿ, ಅದೇ ಅಂಕಿಗೆ ಬೋಲ್ಟು ಹೆಚ್ಚು ಎಳೆತಕ್ಕೆ ಸಿಕ್ಕುತ್ತದೆ. ಅಲ್ಯೂಮಿನಿಯಂ ಹೆಡ್‌ಗೆ ಸ್ಪಾರ್ಕ್ ಪ್ಲಗ್ ಹಾಕುವಾಗ ಈ ವ್ಯತ್ಯಾಸ ಸಾಕು, ಮರೆ ಕಿತ್ತುಹೋಗಲು.

ಕೈಯ ಅಂದಾಜನ್ನು ಮಾತಿನಲ್ಲಿ ಹೇಳಲಾಗದು, ಅದು ಅನುಭವದಿಂದಲೇ ಬರಬೇಕು ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಅಡುಗೆ ಪುಸ್ತಕಗಳನ್ನು ನೋಡಿ. ಮೈಸೂರು ಪಾಕಿಗೆ ಸಕ್ಕರೆ ಕುದಿಸುವಾಗ ಎಷ್ಟು ನಿಮಿಷ, ಎಷ್ಟು ಡಿಗ್ರಿ ಎಂದು ಬರೆಯುವುದಿಲ್ಲ, ಒಂದೆಳೆ ಪಾಕ ಎಂದು ಬರೆಯುತ್ತಾರೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಿಡಿಸಿದರೆ ಒಂದು ಎಳೆ ಬರಬೇಕು, ಅಷ್ಟೇ. ಬೆರಳಿಗೆ ಗೊತ್ತಾಗಬೇಕಾದದ್ದನ್ನು ಎರಡೇ ಪದಗಳಲ್ಲಿ ಕಾಗದದ ಮೇಲೆ ಇಟ್ಟುಬಿಟ್ಟಿದ್ದಾರೆ. ಮೊದಲ ಸಲ ಒಲೆ ಮುಂದೆ ನಿಂತವರಿಗೂ ಅದು ಅರ್ಥವಾಗುತ್ತದೆ. ರಿಪೇರಿ ಪುಸ್ತಕ ಬರೆಯುವವರು ಆ ಶ್ರಮ ಪಡುವುದಿಲ್ಲ ಎಂಬುದೇ ನನ್ನ ಅಸಮಾಧಾನ.

ಇನ್ನೊಂದು ಕಿರಿಕಿರಿ ವಿಶೇಷ ಸಲಕರಣೆಯದು. ಐದು ಹಂತ ಸರಾಗವಾಗಿ ನಡೆದಿರುತ್ತದೆ. ಆರನೆಯದಕ್ಕೆ ಬಂದಾಗ, ಸ್ಪೆಷಲ್ ಟೂಲ್ ಬಳಸಿ ಡ್ರಮ್ಮನ್ನು ಎಳೆಯಿರಿ ಎಂದು ಬರೆದು, ಪಕ್ಕದಲ್ಲಿ ಉದ್ದದ ಸಂಖ್ಯೆಯೊಂದನ್ನು ಕೊಟ್ಟಿರುತ್ತಾರೆ. ಅದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾತ್ರ ಇರುವ ವಸ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಹನ ಬಿಡಿಭಾಗಗಳ ಅಂಗಡಿಯಿಂದ ಅಂಗಡಿಗೆ ಅಲೆದರೂ ಸಂಖ್ಯೆ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಆ ಸಲಕರಣೆ ಇಲ್ಲದೆ ಮುಂದಿನ ಹಂತವಿಲ್ಲ ಎಂದು ಆರಂಭದಲ್ಲೇ ಹೇಳಿದ್ದರೆ, ಮೊದಲ ಐದು ಹಂತಗಳನ್ನು ಬಿಚ್ಚುತ್ತಲೇ ಇರಲಿಲ್ಲ. ಗ್ಯಾರೇಜಿನವರು ಅದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತಾರೆ. ಎಷ್ಟೋ ಕಾರುಗಳ ಬ್ರೇಕ್ ಡ್ರಮ್ಮಿನ ಮುಖದ ಮೇಲೆ ಎರಡು ಸಣ್ಣ ಮರೆಯಿರುವ ತೂತುಗಳಿರುತ್ತವೆ. ಅವುಗಳಿಗೆ ಅಳತೆಗೆ ಸರಿಯಾದ ಎರಡು ಬೋಲ್ಟು ಹಾಕಿ ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತ ಹೋದರೆ ಡ್ರಮ್ಮು ತಾನಾಗಿ ಹೊರಕ್ಕೆ ಬರುತ್ತದೆ. ತೂತು ಇರುವುದೇ ಅದಕ್ಕಾಗಿ. ಅದು ಯಾಕಿದೆ ಎಂದು ತಿಳಿಯದೆ ವರ್ಷಗಟ್ಟಲೆ ನೋಡುತ್ತಿರುವ ಮಾಲೀಕರು ಎಷ್ಟೋ ಜನ.

ಬಿಚ್ಚಿದ ಕ್ರಮವನ್ನು ಹಿಂದುಮುಂದು ಮಾಡಿ ಜೋಡಿಸಿ ಎಂಬ ಅರ್ಥದ ಸಾಲು ಎಲ್ಲ ಕೈಪಿಡಿಗಳಲ್ಲೂ ಬರುತ್ತದೆ. ನನ್ನ ಪ್ರಕಾರ ಅತ್ಯಂತ ಅನ್ಯಾಯದ ಸಾಲು ಅದು. ಬಿಚ್ಚುವುದಕ್ಕೂ ಜೋಡಿಸುವುದಕ್ಕೂ ಬೇಕಾದ ಕೌಶಲ ಬೇರೆ ಬೇರೆ. ಬ್ರೇಕ್ ಶೂಗಳ ರಿಟರ್ನ್ ಸ್ಪ್ರಿಂಗ್ ತೆಗೆಯುವಾಗ ಕೊಕ್ಕೆ ತಪ್ಪಿಸಿದರೆ ಸಾಕು, ಹಾರಿ ಬರುತ್ತದೆ. ಹಾಕುವಾಗ ಅದರ ಪೂರ್ತಿ ಎಳೆತವನ್ನು ಎದುರಿಸಿ, ಕಾಣದ ತೂತಿಗೆ ಕೊಕ್ಕೆ ಕೂರಿಸಬೇಕು. ಟೈಮಿಂಗ್ ಬೆಲ್ಟ್ ಟೆನ್ಶನರ್ ಸಡಿಲಿಸಿದೊಡನೆ ಕೈಗೆ ಬರುತ್ತದೆ. ಹಾಕುವಾಗ ಕ್ರಾಂಕಿನ ಗುರುತು, ಕ್ಯಾಮಿನ ಗುರುತು ಎರಡೂ ಕರಾರುವಾಕ್ಕಾಗಿ ಕೂಡಬೇಕು. ಹಲ್ಲು ತಪ್ಪಿ ಕೂತರೆ ಎಂಜಿನ್ ಸರಿಯಾಗಿ ಓಡುವುದಿಲ್ಲ. ಹೆಚ್ಚು ತಪ್ಪಿದರೆ ಕೆಲವು ಎಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗಿಬಿಡುತ್ತದೆ. ಗ್ಯಾಸ್ಕೆಟ್ ಒಮ್ಮೆ ತೆಗೆದರೆ ಮತ್ತೆ ಬಳಸುವಂತಿಲ್ಲ. ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ಇವೆಲ್ಲ ಆ ಒಂದು ಸಾಲಿನ ಕೆಳಗೆ ಹೂತುಹೋಗಿವೆ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಮನೆಯಲ್ಲಿ ಕೆಲಸ ಮಾಡುವವನು ಆ ಸಾಲಿಗೆ ಬಂದು ನಿಂತಿರುತ್ತಾನೆ. ಅವನಿಗೆ ಅತಿ ಹೆಚ್ಚು ಆಸರೆ ಬೇಕಾದ ಘಳಿಗೆಯಲ್ಲೇ ಪುಸ್ತಕ ಕೈಬಿಡುತ್ತದೆ.

ಎಡ ಬಲದ ಗೊಂದಲವನ್ನೂ ಹೇಳಿಬಿಡುತ್ತೇನೆ. ಡ್ರೈವರ್ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತವನ ಎಡವೇ ಕಾರಿನ ಎಡ. ಬಾನೆಟ್ ಎತ್ತಿ ಎದುರಿಗೆ ನಿಂತವನಿಗೆ ಅದು ಬಲ. ಕೆಳಗೆ ಅಂಗಾತ ಮಲಗಿ ಕಾಲನ್ನು ಎತ್ತಲೋ ಚಾಚಿದವನಿಗೆ ಅದು ಯಾವ ಕಡೆ ಎಂಬುದನ್ನು ಅವನೇ ಲೆಕ್ಕ ಹಾಕಬೇಕು. "ಪ್ರಯಾಣಿಕರ ಬಾಗಿಲ ಕಡೆ" ಎಂದೋ "ಬ್ಯಾಟರಿ ಇರುವ ಕಡೆ" ಎಂದೋ ಬರೆದರೆ ಮುಗಿಯಿತು.

ಪುಸ್ತಕದ ಹೊದಿಕೆಯ ಮೇಲಿನ ಹೆಸರನ್ನೂ ನಂಬುವಂತಿಲ್ಲ. ನಮ್ಮ ದೇಶಕ್ಕೆ ಕಾರು ಓಡಿಸುವುದನ್ನು ಕಲಿಸಿದ ಮಾರುತಿ 800 ಅನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಕೈ ಕೊಟ್ಟದ್ದು ಇಂದಿರಾ ಗಾಂಧಿಯವರು. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಷ್ಟು ಕಾಲವೂ 796 ಸಿಸಿಯ ಮೂರು ಸಿಲಿಂಡರ್, ಹೆಸರೂ ಅದೇ. ಆದರೆ 1986ರಲ್ಲಿ ಮೈಕಟ್ಟು ಬದಲಾಯಿತು. 2000ದ ಹೊತ್ತಿಗೆ ಕಾರ್ಬ್ಯುರೇಟರ್ ಹೋಗಿ, ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂತು. ಕಾರ್ಬ್ಯುರೇಟರ್ ಕಾಲದ ಪುಸ್ತಕ ಹಿಡಿದು ಎಂಪಿಎಫ್‌ಐ ಗಾಡಿಯ ಬಾನೆಟ್ ಎತ್ತಿದವನಿಗೆ ಪುಟದಲ್ಲಿರುವುದು ಕಾರಿನಲ್ಲಿಲ್ಲ, ಕಾರಿನಲ್ಲಿರುವುದು ಪುಟದಲ್ಲಿಲ್ಲ. ಪುಸ್ತಕ ಕೊಳ್ಳುವ ಮೊದಲು ಗಾಡಿಯ ಇಸವಿಯ ಜೊತೆಗೆ ಚಾಸಿ ನಂಬರನ್ನೂ ಬರೆದುಕೊಂಡು ಹೋಗಿ.

ಇಷ್ಟು ದೂರಿದ ಮೇಲೆ, ಈ ಕೆಲಸವನ್ನು ನಿಜವಾಗಿ ಮಾಡಿ ತೋರಿಸಿದ ಒಬ್ಬರನ್ನು ನೆನೆಯಲೇಬೇಕು. ಅವರ ಹೆಸರು ಜಾನ್ ಹೇನ್ಸ್. 1938ರಲ್ಲಿ ಆಗಿನ ಸಿಲೋನಿನಲ್ಲಿ ಹುಟ್ಟಿದವರು, ತಂದೆ ಅಲ್ಲಿ ಚಹಾ ತೋಟ ನೋಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ಶಾಲೆಯಲ್ಲಿರುವಾಗಲೇ ಹಳೆಯ ಆಸ್ಟಿನ್ 7 ಕಾರೊಂದನ್ನು ತನ್ನ ಕೈಯಾರೆ ಮಾರ್ಪಡಿಸಿ, ಅದನ್ನು ಮಾಡಿದ ಬಗೆಯನ್ನು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿ ಮಾರಿದರು. ಮುಂದೆ ಬ್ರಿಟಿಷ್ ವಾಯುಪಡೆ ಸೇರಿ ಏಡನ್ನಿನಲ್ಲಿದ್ದಾಗ, ಸಹೋದ್ಯೋಗಿಯೊಬ್ಬರ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರನ್ನು ಪುನಃ ಕಟ್ಟಲು ನೆರವಾದರು. ಕಂಪನಿಯ ಅಧಿಕೃತ ಕೈಪಿಡಿ ಸಾಮಾನ್ಯ ಮಾಲೀಕನಿಗೆ ಉಪಯೋಗವಿಲ್ಲ ಎಂಬುದು ಅವರಿಗೆ ಅಲ್ಲಿ ಮನವರಿಕೆಯಾಯಿತು. ಕ್ಯಾಮೆರಾ ತಂದು, ಬಿಚ್ಚುವ, ಜೋಡಿಸುವ ಹಂತಗಳ ಫೋಟೋ ತೆಗೆದರು. 1966ರಲ್ಲಿ ಅದೇ ಕಾರಿನ ಕೈಪಿಡಿ ಹೊರಬಂತು. ಮುಂದೆ ಸಾಮರ್ಸೆಟ್‌ನ ಸ್ಪಾರ್ಕ್‌ಫರ್ಡ್ ಎಂಬ ಹಳ್ಳಿಯಿಂದ ಆ ಮಾಲಿಕೆಯ ನೂರಾರು ಪುಸ್ತಕಗಳು ಬಂದವು.

ಹೇನ್ಸ್ ಅವರ ನಿಯಮ ಸರಳವಾಗಿತ್ತು. ಕಾರೊಂದನ್ನು ತಂದು ಪೂರ್ತಿ ಬಿಚ್ಚಬೇಕು, ಪೂರ್ತಿ ಜೋಡಿಸಬೇಕು, ಆಮೇಲೆ ಬರೆಯಬೇಕು. ಸಾಮಾನ್ಯ ಸ್ಪ್ಯಾನರಿನಲ್ಲಿ ಆಗುವುದಾದರೆ ವಿಶೇಷ ಸಲಕರಣೆಯನ್ನು ಹೇಳಬಾರದು. ಪ್ರತಿ ಕೆಲಸದ ಪಕ್ಕದಲ್ಲಿ ಸ್ಪ್ಯಾನರ್ ಚಿತ್ರಗಳನ್ನು ಹಾಕಿ, ಒಂದು ಇದ್ದರೆ ಹೊಸಬರಿಗೂ ಸುಲಭ, ಐದು ಇದ್ದರೆ ಬಹಳ ಪಳಗಿದವರಿಗೆ ಮಾತ್ರ ಎಂದು ಮೊದಲೇ ಎಚ್ಚರಿಸುವ ರೂಢಿಯನ್ನೂ ಆ ಪುಸ್ತಕಗಳು ತಂದವು. ಹಿಂದುಮುಂದಿನ ಆ ಸಾಲು ಅವುಗಳಲ್ಲೂ ಇದೆ, ನಿಜ. ಆದರೂ ಓದುವವನ ಅಂಗಳವನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ಪುಸ್ತಕ ಅದು ಎಂಬ ಕೃತಜ್ಞತೆ ನನಗಿದೆ. ಹೇನ್ಸ್ 2019ರಲ್ಲಿ ತೀರಿಕೊಂಡರು. 2020ರ ಕೊನೆಯಲ್ಲಿ ಆ ಸಂಸ್ಥೆ, ಹೊಸ ಕಾರುಗಳಿಗೆ ಅಚ್ಚಿನ ರಿಪೇರಿ ಕೈಪಿಡಿ ತರುವುದನ್ನು ನಿಲ್ಲಿಸುವುದಾಗಿ ತಿಳಿಸಿತು. ಸುದ್ದಿ ಓದಿದಾಗ ನನಗೆ ನಿಜಕ್ಕೂ ದುಃಖವಾಯಿತು.

ಹೊಸ ಕಾರುಗಳ ಕಥೆ ಬೇರೆಯೇ. ಈಗ ದೀಪವೊಂದು ಡ್ಯಾಶ್‌ಬೋರ್ಡಿನಲ್ಲಿ ಹತ್ತುತ್ತದೆ. ಏಕೆ ಹತ್ತಿತು ಎಂದು ತಿಳಿಯಲು ಸ್ಕ್ಯಾನರ್ ಬೇಕು. ಎಬಿಎಸ್ ಇರುವ ಕೆಲವು ಗಾಡಿಗಳಲ್ಲಿ ಬ್ರೇಕಿನೊಳಗಿನ ಗಾಳಿ ಪೂರ್ತಿ ತೆಗೆಯಲೂ ಸ್ಕ್ಯಾನರ್ ಬೇಕು. ಕಾರಿನ ಜೊತೆ ಕೊಡುವ ಮಾಲೀಕರ ಪುಸ್ತಕದಲ್ಲಿ ಸೀಟು ಹಿಂದೆಮುಂದೆ ಮಾಡುವುದು ಹೇಗೆ ಎಂದಿರುತ್ತದೆ, ಬ್ರೇಕ್ ಪ್ಯಾಡ್ ಬದಲಿಸುವುದು ಹೇಗೆ ಎಂದಿರುವುದಿಲ್ಲ. ರಿಪೇರಿಯ ನಿಜವಾದ ಕೈಪಿಡಿ ಕಂಪನಿಯ ಒಳಗೇ ಉಳಿಯುತ್ತದೆ. ಇದು ಮನೆಯಲ್ಲಿ ಕೆಲಸ ಮಾಡುವವರ ತೊಂದರೆ ಮಾತ್ರವಲ್ಲ. ನಮ್ಮ ಬೀದಿಯ ಗ್ಯಾರೇಜಿನವನ ಅನ್ನದ ಪ್ರಶ್ನೆ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದೋಷ ಪತ್ತೆ ಮಾಡುವ ಸಲಕರಣೆ, ರಿಪೇರಿಯ ಮಾಹಿತಿ ಇವುಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆಯೋಗದ ತೀರ್ಮಾನ. ಕಂಪನಿಗಳು ಮೇಲ್ಮನವಿಗೆ ಹೋದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅದಕ್ಕೂ ಎರಡು ವರ್ಷ ಮೊದಲೇ, 2012ರಲ್ಲಿ, ಈ ಮಾಹಿತಿಯನ್ನು ಮಾಲೀಕರಿಗೂ ಗ್ಯಾರೇಜುಗಳಿಗೂ ಕೊಡಲೇಬೇಕೆಂಬ ಕಾನೂನು ಬಂದಿತ್ತು. ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು; ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಬಿಚ್ಚಿ ನೋಡುವ ದಾರಿಯೂ ಕೊಂಡವನದೇ. ಅದನ್ನು ಬಚ್ಚಿಡುವುದು ತಪ್ಪು.

ಜೊತೆಗೆ ನನ್ನದೊಂದು ಬೇಡಿಕೆ ಇದೆ. ಐಟಿಐಗಳಲ್ಲಿ ಎರಡು ವರ್ಷ ಮೆಕ್ಯಾನಿಕ್ ಮೋಟರ್ ವೆಹಿಕಲ್ ಕಲಿಸುವ ಮೇಷ್ಟ್ರುಗಳು, ಮೂವತ್ತು ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡ ಮೆಕ್ಯಾನಿಕ್ಕುಗಳು ಒಟ್ಟಿಗೆ ಕೂತು, ನಮ್ಮ ರಸ್ತೆಯ ಹಳೆಯ ಕಾರುಗಳಿಗೆ ಕನ್ನಡದಲ್ಲೇ ಕೈಪಿಡಿ ಬರೆಯಬೇಕು. ತುಕ್ಕು ಹಿಡಿದ ಕಾರನ್ನೇ ಬಿಚ್ಚಿ ಬರೆಯಬೇಕು. ಅದರಲ್ಲಿ ಹಿಂದಿನ ಚಕ್ರದ ಬ್ರೇಕ್ ಶೂ ಬದಲಿಸುವ ಪುಟ ಹೇಗಿರಬೇಕೆಂದು ನನಗೆ ತೋಚಿದಂತೆ ಹೇಳುತ್ತೇನೆ.

ಈ ಕೆಲಸಕ್ಕೆ ಇಬ್ಬರು ಬೇಕು. ಅರ್ಧ ದಿನ ಬೇಕು. ಹಿಂದಿನ ದಿನವೇ ಬೋಲ್ಟುಗಳಿಗೆ ಎಣ್ಣೆ ಬಿಟ್ಟಿರಿ. ಗಟ್ಟಿಯಾದ ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಗೇರ್ ಹಾಕಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಒಂದಿಷ್ಟು ಸಡಿಲಿಸಿ. ಜಾಕಿ ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಡದೆ ಕೆಳಗೆ ಕೈ ಹಾಕಬೇಡಿ. ಹಾಲೋ ಬ್ಲಾಕ್, ಇಟ್ಟಿಗೆ ಇಡಬೇಡಿ, ಅವು ಸದ್ದಿಲ್ಲದೆ ಪುಡಿಯಾಗುತ್ತವೆ. ಹ್ಯಾಂಡ್‌ಬ್ರೇಕ್ ಇಳಿಸಿ. ಡ್ರಮ್ಮು ಬಾರದಿದ್ದರೆ ಎಳೆದಾಡಬೇಡಿ. ಸವೆದ ಡ್ರಮ್ಮಿನ ಅಂಚಿನಲ್ಲಿ ಏಳುವ ದಿಣ್ಣೆಗೆ ಶೂ ಸಿಕ್ಕಿಕೊಂಡಿರುತ್ತದೆ, ಮೊದಲು ಅಡ್ಜಸ್ಟರ್ ಸಡಿಲಿಸಿ. ಒಳಗಿನ ಪುಡಿಯನ್ನು ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ. ಎರಡೂ ಚಕ್ರ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಮುಗಿಯುವ ತನಕ ಇನ್ನೊಂದು ಕಡೆ ಹಾಗೆಯೇ ಇರಲಿ, ಯಾವ ಸ್ಪ್ರಿಂಗ್ ಎಲ್ಲಿಗೆ ಎಂದು ಸಂದೇಹ ಬಂದಾಗ ಅದರ ಡ್ರಮ್ಮು ತೆಗೆದು ನೋಡಬಹುದು, ಎಡಕ್ಕಿರುವುದು ಬಲಕ್ಕೆ ಎಂದು ನೆನಪಿಟ್ಟರೆ ಸಾಕು. ಸ್ಪ್ರಿಂಗ್ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಡ್ರಮ್ಮು ಮತ್ತೆ ಕೂರಿಸಿದ ಮೇಲೆ ಬ್ರೇಕ್ ಎಣ್ಣೆ ಹಾಕುವುದಾದರೆ, ಅದು ಹೊಸ ಡಬ್ಬಿಯದೇ ಆಗಬೇಕು. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಣ್ಣೆ ಹೊಸದಿರುವಾಗ 205 ಡಿಗ್ರಿಯವರೆಗೂ ಕುದಿಯಬಾರದೆಂಬ ನಿಯಮವಿದೆ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಕುದ್ದರೆ ಪೆಡಲ್ ಪೊಳ್ಳಾಗುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಲ್ಲಿ ತೊಳೆಯಿರಿ. ಗಾಳಿ ತೆಗೆಯುವಾಗ ಒಳಗೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು, ಹೊರಗಿನವರು ನಿಪ್ಪಲ್ ಬಿಟ್ಟು ಮುಚ್ಚಬೇಕು. "ಒತ್ತು", "ಹಿಡಿದಿರು", "ಮುಚ್ಚಿದೆ" ಎಂಬ ಮೂರೇ ಮಾತು ಇರಲಿ, ಹೊರಗಿನಿಂದ "ಮುಚ್ಚಿದೆ" ಎಂದು ಕೇಳುವ ತನಕ ಒಳಗಿನವರು ಕಾಲೆತ್ತಬಾರದು. ಗುಳ್ಳೆ ನಿಂತ ಮೇಲೂ ಇನ್ನೆರಡು ಸಲ ಮಾಡಿ. ಗೇರ್ ನ್ಯೂಟ್ರಲ್ಲಿಗೆ ತಂದು, ಎಂಜಿನ್ ಚಾಲೂ ಮಾಡಿ ಪೆಡಲ್ ತುಳಿದು ನೋಡಿ. ಕಾಲಿಗೆ ಅದು ಗಟ್ಟಿ ಎನಿಸಿ, ಒತ್ತಿ ಹಿಡಿದಷ್ಟು ಹೊತ್ತೂ ಕೆಳಗಿಳಿಯದೆ ನಿಂತರೆ ಮಾತ್ರ ಗೇಟು ತೆಗೆಯಿರಿ.